ನಮ್ಮ ಬೇಸ್‌ಮೆಂಟಿನ ಕಲಾ ಅಕಾಡೆಮಿ

ಕೋವಿಡ್ ಇಳಿಮುಖವಾದ ವರ್ಷ, ಅಮೆರಿಕದ ಹರ್ನ್‌ಡನ್ನಿನ ನಮ್ಮ ಟೌನ್‌ಹೌಸಿನ ಬೇಸ್‌ಮೆಂಟಿನಲ್ಲಿ ನನ್ನ ಹೆಂಡತಿ ಮಕ್ಕಳಿಗೆ ಭಾನುವಾರದ ಚಿತ್ರಕಲೆ ತರಗತಿ ಶುರು ಮಾಡಿದಳು. ಜೊತೆಗೆ ಅವಳ ಗೆಳತಿ, ಧಾರವಾಡದ ಡಾಕ್ಟರು. ಬಣ್ಣ ತಂದವರು ಅವರಿಬ್ಬರು, ಕಾರ್ಪೆಟ್ಟಿನ ಮೇಲೆ ಹಳೆ ಬೆಡ್‌ಶೀಟ್ ಹಾಸಿದವರೂ ಅವರೇ. ನಾನು ಮಾಡಿದ್ದು ಒಂದೇ ಕೆಲಸ: ಅದಕ್ಕೆ ‘ಅಕಾಡೆಮಿ’ ಎಂದು ಹೆಸರಿಟ್ಟೆ. ಇಟ್ಟ ಮೇಲೆ ಸುಮ್ಮನಿರಲಾಗದೆ, ಯುರೋಪಿನ ರಾಜರ ಆಶ್ರಯದ ಕಲಾ ಅಕಾಡೆಮಿಗಳ ಚರಿತ್ರೆ ಓದತೊಡಗಿದೆ. ಆಫೀಸಿನ ಮೀಟಿಂಗಿನಲ್ಲೂ ಮ್ಯೂಟ್ ಮಾಡಿಕೊಂಡು ಅದನ್ನೇ ಓದುತ್ತಿದ್ದೆ.

ವರ್ಷ ತುಂಬಿದಾಗ ಮಕ್ಕಳ ಚಿತ್ರಗಳ ಪ್ರದರ್ಶನ ಇಟ್ಟೆವು. ಉದ್ಘಾಟನಾ ಭಾಷಣ ನನ್ನದು. ಮೈಕ್ ಸಿಕ್ಕರೆ ನಾನು ಬಿಡುವ ಆಸಾಮಿಯಲ್ಲ. ದೊರೆಯ ಒಪ್ಪಿಗೆಯಿಂದ ಹುಟ್ಟಿದ ಲಂಡನ್ನಿನ ಅಕಾಡೆಮಿಯ ಕಥೆ ಹೇಳಿದೆ. ಅದರ ಸ್ಥಾಪಕ ಸದಸ್ಯರಲ್ಲಿ ಇಬ್ಬರು ಹೆಂಗಸರೂ ಇದ್ದರು. ಸದಸ್ಯರೆಲ್ಲರದೂ ಸೇರಿಸಿ ಒಂದು ಗುಂಪುಚಿತ್ರ ಬರೆಯುವಾಗ, ಬೆತ್ತಲೆ ಮಾಡೆಲ್ ಇರುವ ಕೋಣೆಗೆ ಹೆಂಗಸರು ಬರಬಾರದೆಂದು, ಆ ಇಬ್ಬರನ್ನು ಗೋಡೆಗೆ ತೂಗುಹಾಕಿದ ಪಟಗಳಾಗಿ ಬರೆದರು. ಗಂಡಸರೆಲ್ಲ ಕೆಳಗೆ ಠೀವಿಯಿಂದ ನಿಂತಿದ್ದಾರೆ.

“ನೋಡಿ, ಎಂಥ ಜನ!” ಎಂದು ನಕ್ಕೆ. ಸಭೆಯೂ ನಕ್ಕಿತು. ಆಮೇಲೆ ‘ಸ್ಥಾಪಕರ ಫೋಟೊ’ ತೆಗೆಸಿಕೊಂಡೆವು.

ಸಂಜೆ ಆ ಫೋಟೊ ನೋಡಿ ಹತ್ತು ವರ್ಷದ ಮಗಳು ಕೇಳಿದಳು, “ಅಪ್ಪಾ, ಅಮ್ಮ ಎಲ್ಲಿ? ಶಿ ಸ್ಟಾರ್ಟೆಡ್ ಇಟ್, ರೈಟ್?”

ಫೋಟೊದ ತುಂಬ ಗಂಡಸರು. ಕುರ್ಚಿ ಜೋಡಿಸಿದವರು, ಸ್ಪೀಕರ್ ತಂದವರು, ನಡುವೆ ಶಾಲು ಹೊದ್ದ ನಾನು. ಹೆಂಡತಿಯೂ ಗೆಳತಿಯೂ ಆ ಹೊತ್ತಿಗೆ ಮೇಲೆ ಅಡುಗೆಮನೆಯಲ್ಲಿ ಬಿಸಿಬೇಳೆ ಬಾತಿನ ಟ್ರೇ ಬಿಸಿ ಮಾಡುತ್ತಿದ್ದರು. ನಮ್ಮ ಕನ್ನಡ ಕಾರ್ಯಕ್ರಮಗಳಲ್ಲಿ ಯಾವತ್ತೂ ಹೀಗೇ: ವೇದಿಕೆಯಲ್ಲಿ ನಾವು, ಊಟದ ಕೌಂಟರಿನಲ್ಲಿ ಅವರು. ಲಂಡನ್ನಿನವರು ಗೋಡೆಯ ಮೇಲಾದರೂ ಜಾಗ ಕೊಟ್ಟಿದ್ದರು, ನಾನು ಅದನ್ನೂ ಕೊಟ್ಟಿರಲಿಲ್ಲ. ತುಂಬ ನಾಚಿಕೆಯಾಯಿತು.

“ಎಲ್ರನ್ನೂ ಕರೀತೀನಿ, ಇನ್ನೊಂದು ಫೋಟೊ ತೆಗೆಯೋಣ” ಎಂದೆ.

“ನೀವೇನೂ ಅರೇಂಜ್ ಮಾಡ್ಬೇಡಿ, ನಾನ್ ನೋಡ್ಕೋತೀನಿ” ಎಂದಳು ಹೆಂಡತಿ. ಮುಖದಲ್ಲಿ ನಗುವಿರಲಿಲ್ಲ.

ಮೂರು ವಾರ ಬೇಸ್‌ಮೆಂಟಿಗೆ ನನಗೆ ಪ್ರವೇಶವಿರಲಿಲ್ಲ. ಬೇಸರದಲ್ಲಿ ತರಗತಿಯನ್ನೇ ನಿಲ್ಲಿಸಿಬಿಡುತ್ತಾಳೇನೋ ಎಂದು ಹೆದರಿದೆ. ನಾಲ್ಕನೆಯ ಭಾನುವಾರ ಗೆಳತಿ ಮೆಟ್ಟಿಲ ಬಳಿ ಬಂದು ಕೂಗಿದರು, “ಬರ್ರಿ ಅಧ್ಯಕ್ಷರ, ನಿಮಗೂ ಒಂದ್ ಜಾಗಾ ಮಾಡೇವಿ!”

ಗೋಡೆಯಗಲದ ಹೊಸ ಚಿತ್ರ. ನಡುವೆ ಅವರಿಬ್ಬರು ಕುಂಚ ಹಿಡಿದು ನಿಂತಿದ್ದಾರೆ, ಸುತ್ತ ಮಕ್ಕಳು. ನನ್ನನ್ನು ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಮಗಳು ಬೆರಳು ತೋರಿಸಿದಳು: ಚಿತ್ರದೊಳಗಿನ ಗೋಡೆಯಲ್ಲಿ, ವಾಟರ್ ಹೀಟರಿನ ಮೇಲೆ, ಅಂಗೈಯಗಲದ ಚೌಕಟ್ಟಿನೊಳಗೆ ಶಾಲು ಹೊದ್ದ ನಾನು, ಕೈಯಲ್ಲಿ ಮೈಕು. ಗೋಡೆ ಮೇಲೆ ಫೋಟೊ ಎಂದರೆ ನಮ್ಮಲ್ಲಿ ಏನೆಂದು ಗೊತ್ತಲ್ಲ. ಸದ್ಯ, ಹಾರ ಹಾಕಿರಲಿಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಈಗಲೂ ಹೊಸಬರು ಯಾರಾದರೂ “ಮೇಲಿರೋ ಅಂಕಲ್ ಯಾರು?” ಎಂದು ಕೇಳಿದರೆ, ಹೆಂಡತಿ ಕುಂಚದಿಂದ ಕಣ್ಣು ತೆಗೆಯದೆ ಹೇಳುತ್ತಾಳೆ, “ಅವ್ರೂ ಫೌಂಡರ್ರೇ. ಊಟದ ಕೌಂಟರ್ ನೋಡ್ಕೋತಾರೆ.”

ಸೌಟು ಹಿಡಿದು ನಿಂತ ನನಗೆ ಖುಷಿಯೋ ಖುಷಿ.