ಕನ್ನಂಬಾಡಿಗಿಂತ ಎತ್ತರದ ಹೊಂಡ

ನಮ್ಮ ಮಾವ ಸಮುದ್ರವನ್ನು ಜನ್ಮದಲ್ಲಿ ಕಂಡವರಲ್ಲ. ಆದರೆ ಲೋಕದ ಸಕಲವನ್ನೂ ಅವರು ಅಳೆಯುತ್ತಿದ್ದುದು ಅದರ ಮಟ್ಟದಿಂದಲೇ. ಸರ್ವೆ ಕೆಲಸದಲ್ಲಿ ಮೂವತ್ತು ವರ್ಷ ದುರ್ಬೀನಿನಲ್ಲಿ ಕಣ್ಣಿಟ್ಟು ನಿವೃತ್ತರಾಗಿ, ಜಯನಗರದಲ್ಲಿ ಮನೆ ಕಟ್ಟಿಸಿದ್ದರು. ಬಂದ ನೆಂಟರಿಗೆ ಮೊದಲು ನೀರು, ಆಮೇಲೆ ಕಾಫಿ, ಅದಾದ ಮೇಲೆ ಹಜಾರದ ನೆಲ ಸಮುದ್ರ ಮಟ್ಟದಿಂದ ಎಷ್ಟು ಅಡಿ ಮೇಲಿದೆಯೆಂಬ ವಿವರ. ಬೇಳೆ ಬೇಗ ಬೇಯದಿದ್ದರೂ ಅವರ ಬಳಿ ಕಾರಣ ಸಿದ್ಧವಿರುತ್ತಿತ್ತು.

"ನಾವು ಎತ್ತರದಲ್ಲಿದ್ದೀವಿ. ಇಲ್ಲಿ ನೀರು ಬೇಗ ಕುದಿಯತ್ತೆ, ಬೇಳೆ ನಿಧಾನ ಬೇಯತ್ತೆ. ಮಂಗಳೂರಲ್ಲಾದ್ರೆ ಇಷ್ಟು ಹೊತ್ತು ಬೇಡ."

"ಬೇಳೆ ಬೇಯದಿದ್ರೆ ಅದು ಸೊಸೆ ತಪ್ಪು. ಸಮುದ್ರ ಏನು ಮಾಡ್ತು ಪಾಪ?" ಎನ್ನುತ್ತಿದ್ದರು ಅತ್ತೆ.

ಆ ಸೊಸೆ ನಾನು. ಮದುವೆಯಾಗಿ ಮೂರು ವರ್ಷವಾಗಿತ್ತು. ಗೊಟ್ಟಿಗೆರೆ ದಾಟಿ ಒಂದಿಷ್ಟು ನಡೆದರೆ ಸಿಗುವ ಹಳ್ಳಿ ನನ್ನ ತವರು. ಅತ್ತೆಯ ತವರು ಕನ್ನಂಬಾಡಿ ಕಡೆ. ಆ ಹೆಸರನ್ನು ಅವರು ಬೇರೆಯವರು ಮೈಸೂರು ಅರಮನೆ ಎನ್ನುವ ಠೀವಿಯಲ್ಲಿ ಹೇಳುತ್ತಿದ್ದರು. ಬೆಳಗ್ಗೆ ಪೇಪರು ಬಂದರೆ ಮೊದಲ ಪುಟ ಬಿಟ್ಟು ಜಲಾಶಯದ ನೀರಿನ ಮಟ್ಟ ಹಾಕುವ ಮೂಲೆಗೆ ಬೆರಳಿಡುತ್ತಿದ್ದರು. "ನೂರಾ ಹದಿನೆಂಟು," ಎಂದು ಒಮ್ಮೆ ಹೇಳಿ ಪೇಪರು ಮಡಚಿದರೆ ಅವರ ಓದು ಮುಗಿಯಿತು. ಅಡುಗೆಮನೆಯಲ್ಲಿದ್ದ ನನಗೆ, ಅದು ನನ್ನನ್ನು ಮಟ್ಟ ಹಾಕಲು ಹೇಳಿದ ಅಂಕಿಯಂತೆ ಕೇಳಿಸುತ್ತಿತ್ತು.

ಆ ವರ್ಷ ದಸರೆಯ ಹೊತ್ತಿಗೆ ಬಿದ್ದ ಮಳೆಗೆ ನಮ್ಮೂರ ಕೆರೆ ಕೋಡಿ ಬಿತ್ತು. ತುಂಬಿದ ಕೆರೆ ಅಂಚಿನ ಕಲ್ಲುಕಟ್ಟೆಯ ಮೇಲೆ ಹಾದು ಆಚೆ ಹರಿಯುವುದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. ಕೋಡಿ ಬಿದ್ದರೆ ಮನೆಯ ಹಿರಿಯ ಮಗಳು, ಎಲ್ಲಿಗೇ ಕೊಟ್ಟಿರಲಿ, ಬಂದು ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಕಾಳು ಇಟ್ಟು ಕೆರೆಗೆ ಬಾಗಿನ ಕೊಡಬೇಕು. ನಾನು ಹಿರಿಯ ಮಗಳು. ನನ್ನ ಮದುವೆಯಾದ ಮೇಲೆ ಕೆರೆ ತುಂಬಿದ್ದು ಅದೇ ಮೊದಲು. ನಮ್ಮೂರಿನಿಂದ ಜಯನಗರಕ್ಕೆ ಸೊಪ್ಪು ಹೊತ್ತು ಬರುತ್ತಿದ್ದ ಅಜ್ಜಿಯ ಕೈಲಿ ಅಮ್ಮ ಹೇಳಿ ಕಳಿಸಿದ್ದಳು, ಶುಕ್ರವಾರ ಬಾ ಎಂದು. ಹೋಗದೆ ಇರುವ ಮಾತೇ ಇರಲಿಲ್ಲ. ನನಗೆ ಅಮ್ಮನನ್ನೂ ಆ ನೀರನ್ನೂ ನೋಡುವ ಆಸೆ ತಡೆಯಲಾರದಷ್ಟಿತ್ತು.

ಅತ್ತೆ ಹುಣಸೆಹಣ್ಣು ಬಿಡಿಸುತ್ತಾ ಒಂದೇ ಮಾತಿನಲ್ಲಿ ಮುಗಿಸಿದರು. "ಹೊಂಡ ತುಂಬ್ತು ಅಂತ ಯಾರಾದ್ರೂ ಮನೆ ಬಿಟ್ಟು ಹೋಗ್ತಾರಾ? ಕನ್ನಂಬಾಡಿ ತುಂಬಿದ್ರೆ ಸರಿ, ದೊಡ್ಡ ದೊಡ್ಡೋರು ನೋಡೋಕೆ ಬರೋ ನೀರು ಅದು."

ಹೊಂಡ! ನಾನು ಈಜು ಕಲಿತ ಕೆರೆ. ನನಗೆ ಮೈಯೆಲ್ಲ ಉರಿಯಿತು. ಅತ್ತು ಹಟ ಮಾಡಬಹುದಿತ್ತು, ಆದರೆ ಅದಕ್ಕಿಂತ ಸೊಗಸಾದ ದಾರಿಯೊಂದು ನನ್ನ ಕೈಲಿತ್ತು. ಹಿಂದಿನ ದಿನವಷ್ಟೇ ಮಾವನ ಬೀರು ಒರೆಸುವ ನೆಪದಲ್ಲಿ ಅವರ ಹಳೆಯ ನಕ್ಷೆಗಳನ್ನು ಬಿಚ್ಚಿ ನೋಡಿದ್ದೆ. ಹೈಸ್ಕೂಲಿನ ಭೂಗೋಳ ಎಂದಾದರೂ ಕೆಲಸಕ್ಕೆ ಬರುತ್ತದೆಂದು ಯಾರು ಎಣಿಸಿದ್ದರು?

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ, ಸಾರು ಬಡಿಸುತ್ತಾ, ಬಹಳ ಮುಗ್ಧೆಯಂತೆ ಕೇಳಿದೆ. "ಅತ್ತೆ, ನಮ್ಮೂರ ಕೆರೆ ನಿಮ್ಮ ಕನ್ನಂಬಾಡಿಗಿಂತ ಎತ್ತರ ಅಂತ ತೋರಿಸಿದ್ರೆ ಕಳಿಸ್ತೀರಾ?"

ಅತ್ತೆ ನಕ್ಕ ನಗುವಿಗೆ ನೆತ್ತಿಗೇರಿ ಕೆಮ್ಮು ಬಂತು. "ಕನ್ನಂಬಾಡಿ ನೂರಿಪ್ಪತ್ತು ಅಡಿ ಮೇಲಿದೆ ಕಣೆ! ನಿಮ್ಮದ್ರಲ್ಲಿ ಎಮ್ಮೆ ನಿಂತ್ರೆ ಬೆನ್ನು ನೆನೆಯತ್ತಾ? ತೋರಿಸು. ತೋರಿಸಿದ್ರೆ ಕಳಿಸೋದೇನು, ನಾನೇ ಜೊತೇಲಿ ಬರ್ತೀನಿ."

ಅವರು ಜೊತೆಗೆ ಬರುವುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಆದರೆ ಬಾಯಿಂದ ಮಾತು ಹೋಗಿಯಾಗಿತ್ತು. "ಮಾವನೇ ಹೇಳಲಿ," ಎಂದೆ.

ನನ್ನ ಗಂಡ ಇದ್ದಕ್ಕಿದ್ದಂತೆ ಮಜ್ಜಿಗೆ ಅನ್ನದಲ್ಲಿ ಮುಳುಗಿಹೋದರು. ಮಾವ ಮಾತ್ರ ನಿವೃತ್ತಿಯ ನಂತರ ಮೊದಲ ಬಾರಿಗೆ ಸರ್ಕಾರ ಕರೆಕಳಿಸಿದವರಂತೆ ಎದ್ದು ಕೈ ತೊಳೆದು, ನಕ್ಷೆ ತಂದು ಹಜಾರದಲ್ಲಿ ಹಾಸಿ, ಮೂಲೆಗಳಿಗೆ ನಾಲ್ಕು ಲೋಟ ಇಟ್ಟರು. ನೆಲದ ಎತ್ತರ ತೋರಿಸುವ ಕಂದು ಗೆರೆಗಳ ಮೇಲೆ ಬೆರಳಾಡಿಸಿದರು.

"ನೋಡೇ, ಪೇಪರಲ್ಲಿ ಹಾಕೋ ಅಡಿ ಕಟ್ಟೆ ಬುಡದಿಂದ. ಸಮುದ್ರದಿಂದ ಅಳೆದ್ರೆ ಕನ್ನಂಬಾಡಿ ಎರಡೂವರೆ ಸಾವಿರ ಅಡಿಗೆ ಒಂಚೂರು ಕಮ್ಮಿ. ಇವರೂರ ಕೆರೆ ಮೂರು ಸಾವಿರದ ಹತ್ತಿರ ಹತ್ತಿರ."

"ಅಂದ್ರೆ?"

"ಇವರ ಎಮ್ಮೆ ನಿನ್ನ ಅಣೆಕಟ್ಟಿನ ನೆತ್ತಿಗಿಂತ ಐನೂರು ಅಡಿ ಮೇಲೆ ಮೀಯ್ತಿದೆ."

ಅತ್ತೆ ನಕ್ಷೆಯನ್ನಲ್ಲ, ಗಂಡನನ್ನು ದಿಟ್ಟಿಸಿದರು. "ಮದುವೆಯಾಗಿ ಇಷ್ಟು ವರ್ಷ ಆಯ್ತು. ಒಂದಿನಾನಾದ್ರೂ ನಂಗೆ ಇದನ್ನ ಹೇಳಿದ್ರಾ ಇವ್ರೇ?" ಅಷ್ಟರಲ್ಲೇ ಚೇತರಿಸಿಕೊಂಡರು. "ಇರ್ಲಿ ಬಿಡಿ. ಮೇಲಿದ್ರೆ ಅವರೂರ ನೀರೆಲ್ಲ ಕೆಳಗೆ ಹರಿದು ನಮ್ಮಲ್ಲಿಗೇ ಬರ್ಬೇಕು."

"ಇಲ್ಲ, ಅದು ತಮಿಳುನಾಡು ಕಡೆ ಹೋಗತ್ತೆ," ಎಂದರು ಮಾವ. ತಪ್ಪು ತಿದ್ದದೆ ಇರುವುದು ಅವರ ಹಣೆಯಲ್ಲಿ ಬರೆದಿರಲಿಲ್ಲ.

"ಅವಳ ನೀರೂ ಅವಳ ಥರಾನೇ. ಹೇಳಿದ ಕಡೆ ಹೋಗಲ್ಲ."

ಗೆದ್ದವಳು ಸುಮ್ಮನಿರಬೇಕಿತ್ತು. ನಾನು ಸುಮ್ಮನಿರಲಿಲ್ಲ. ಎರಡು ದಿನ ಕಾಫಿ ಕೊಡುವಾಗಲೆಲ್ಲ "ತಗೊಳ್ಳಿ ಅತ್ತೆ, ಮೇಲಿನ ಊರಿನವಳು ಮಾಡಿದ್ದು," ಎಂದೆ. ಅವರು ಪೇಪರಿನ ಮೂಲೆಗೆ ಬೆರಳಿಟ್ಟಾಗ "ಅದಕ್ಕೆ ಮೂರು ಸಾವಿರ ಇದೆಯಾ ನೋಡಿ," ಎಂದೆ. ಅತ್ತೆ ಗುರ್ರೆನ್ನುವವರು, ಆ ಎರಡು ದಿನ ಏನೂ ಅನ್ನಲಿಲ್ಲ. ಸೋತು ಸುಣ್ಣವಾಗಿದ್ದಾರೆ ಎಂದು ಹಿಗ್ಗಿದೆ.

ಶುಕ್ರವಾರ ಅವರು ಮಾತಿಗೆ ತಪ್ಪದೆ ರೇಷ್ಮೆ ಸೀರೆಯುಟ್ಟು ಬಂದರು. ಬನ್ನೇರುಘಟ್ಟ ರಸ್ತೆಯ ಬಸ್ಸಿಳಿದು, ರಾಗಿ ಹೊಲದ ಬದುವಿನಲ್ಲಿ ಸೆರಗು ಎತ್ತಿ ಕಟ್ಟಿ ನಡೆದರು. ಅಮ್ಮ ಕೆರೆಯ ಏರಿಯ ಮೇಲೆಯೇ ಕಾಯುತ್ತಿದ್ದಳು. ನನ್ನನ್ನು ಕಂಡು ಅವಳ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಕೋಡಿಯಲ್ಲಿ ಪಾದ ಮುಳುಗುವಷ್ಟು ನೀರು ಸದ್ದು ಮಾಡಿಕೊಂಡು ಹರಿಯುತ್ತಿತ್ತು. ನಾನು ಆ ನೀರಲ್ಲಿ ನಿಂತು ಪೂಜೆ ಮಾಡಿ ಮೊರ ತೇಲಿಬಿಟ್ಟೆ. ಅದು ಒಂದು ಸುತ್ತು ಸುತ್ತಿ ಆಚೆ ದಾಟಿತು.

ಅಷ್ಟರಲ್ಲಿ ಅತ್ತೆ ಅಮ್ಮನನ್ನು ಕೇಳುವುದು ಕಿವಿಗೆ ಬಿತ್ತು. "ಈ ಕೆರೆ ಕಟ್ಟಿದಾಗ ಯಾರ್ ಯಾರ್ ಮನೆ ಹೋಯ್ತು?"

ಅಮ್ಮನಿಗೆ ಅರ್ಥವಾಗಲಿಲ್ಲ. "ಮನೆ ಯಾಕವ್ವ ಹೋಯ್ತದೆ? ಮೊದ್ಲು ಕೆರೆ ಬಂತು. ಆಮೇಲೆ ತಾನೇ ಊರು ಬಂದಿದ್ದು."

"ನಮ್ಗೆ ಊರು ಮೊದ್ಲಿತ್ತು. ಆಮೇಲೆ ನೀರು ಬಂತು," ಎಂದರು ಅತ್ತೆ.

ಅತ್ತೆ ಎಂಟು ವರ್ಷದವರಿದ್ದಾಗ ಮನೆಯವರೆಲ್ಲ ಗಾಡಿಗೆ ಸಾಮಾನು ಹೇರಿ ಹೊರಟಿದ್ದಂತೆ. ಸರ್ಕಾರ ಬೇರೆ ಕಡೆ ಜಾಗ ಕೊಟ್ಟಿತಂತೆ. ಹುಟ್ಟಿದ ಮನೆ, ಹಿತ್ತಿಲು, ಜಗಲಿ ಎಲ್ಲ ಕನ್ನಂಬಾಡಿಯ ನೀರಿನಡಿ ಹೋಯಿತಂತೆ. ನನ್ನ ಕಡೆ ತಿರುಗಿ ಹೇಳಿದರು. "ಪೇಪರಲ್ಲಿ ನೋಡ್ತೀನಲ್ಲ, ಅದು ಕಟ್ಟೆ ಎಷ್ಟು ಎತ್ತರ ಅಂತಲ್ಲ ಕಣೆ. ನಮ್ಮನೆ ಮೇಲೆ ನೀರು ಎಷ್ಟು ನಿಂತಿದೆ ಅಂತ. ನೀನು ತವರಿಗೆ ಹೋಗ್ತೀನಿ ಅಂದಾಗ ಬೇಡ ಅಂದೆ. ಹೊಟ್ಟೆಕಿಚ್ಚು, ಇನ್ನೇನು."

ನನಗೆ ನಾಚಿಕೆಯಾಯಿತು. ಎರಡು ದಿನ ಕಾಫಿಯ ಜೊತೆ ಬಡಿಸಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಕ್ಷಮಿಸಿ ಎನ್ನಲು ಬಾಯಿ ತೆರೆದರೆ, "ಹಲ್ಲು ಕಿಸೀಬೇಡ, ಜಾರ್ತೀಯ," ಎಂದು ಗದರಿ ನನ್ನ ರಟ್ಟೆ ಹಿಡಿದು ದಡಕ್ಕೆ ಎಳೆದರು.

ಸಂಜೆ ಹೊರಡುವಾಗ ಅಮ್ಮ ನನ್ನ ಮಡಿಲಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ತುಂಬಿದಳು. ಬೀಗಿತ್ತಿಗೆ ಕುಂಕುಮ, ತಾಂಬೂಲ ಕೊಟ್ಟರೆ ಸಾಕಿತ್ತು. ಅಮ್ಮ ಮತ್ತೆ ಒಳಗೆ ಹೋಗಿ ಇನ್ನೊಂದು ಸೇರು ಅಕ್ಕಿ ತಂದು ಅತ್ತೆಯ ಮುಂದೆ ನಿಂತಳು. "ತವರಿಂದ ಬರೀ ಮಡಿಲಲ್ಲಿ ಹೋಗ್ಬಾರ್ದು ಕಣವ್ವ. ಸೆರಗು ಹಿಡಿ." ಜಯನಗರದಲ್ಲಿ ಯಾರ ಮಾತಿಗೂ ಬಗ್ಗದ ನಮ್ಮತ್ತೆ, ಚಿಕ್ಕ ಹುಡುಗಿಯಂತೆ ಎರಡೂ ಕೈಯಲ್ಲಿ ಸೆರಗು ಒಡ್ಡಿದರು.

ಆಮೇಲೆ ಆ ಕೆರೆ ಎಷ್ಟೋ ಸಲ ಕೋಡಿ ಬಿತ್ತು. ಸೊಪ್ಪಿನ ಅಜ್ಜಿ ಬಾಗಿಲಲ್ಲಿ ಬುಟ್ಟಿ ಇಳಿಸಿ ಕೂಗುತ್ತಿದ್ದುದು ಅತ್ತೆಯ ಹೆಸರನ್ನೇ. "ಕೆರೆ ತುಂಬೈತೆ, ಬರ್ಬೇಕಂತೆ." ನನ್ನ ತಾಯಿ ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದಳು. ಅತ್ತೆ ಸೀರೆ ಉಟ್ಟು ಗೇಟಿನ ಹತ್ತಿರ ನಿಂತು, ಬರೋದಾದ್ರೆ ಬೇಗ ಬಾ ಎನ್ನುತ್ತಿದ್ದರು. ನಾನು ಅವರ ಹಿಂದೆ ಓಡುತ್ತಿದ್ದೆ.