ಹೊಂಟಾವ್ರಿಗೆ ಎಲ್ಲಿಗೆ ಅನಬಾರದು

ಬಾಗೇವಾಡಿಯ ಅಗಸಿಬಾಗಿಲಿನ ಎದುರು, ಅರ್ಧ ಊರು ಚಹಾ ಕುಡಿಯುವ ಹೊತ್ತಿಗೆ ಸರಿಯಾಗಿ, ಗುರಲಿಂಗಪ್ಪ ಮಾಸ್ತರರ ಧೋತರ ಅವರನ್ನು ಬಿಟ್ಟು ಹೋಯಿತು. ಹೋದದ್ದು ಬಹಳ ದೂರವೇನಲ್ಲ, ಫಟ್‌ಫಟಿಯ ಚೈನಿನೊಳಕ್ಕೆ. ಇಪ್ಪತ್ತು ವರ್ಷ ಊರಿಗೆಲ್ಲ ಶಿಸ್ತು ಕಲಿಸಿದ ಮಾಸ್ತರರು ಪಟ್ಟಾಪಟ್ಟಿ ಚಡ್ಡಿಯಲ್ಲಿ, ಅಂಗಿಯ ತುದಿಯನ್ನು ಎರಡೂ ಕೈಯಿಂದ ಕೆಳಗೆ ಜಗ್ಗುತ್ತ ನಿಂತರು. ನೀರಿಗೆ ಹೊರಟ ಹೆಂಗಸರು ಮುಖ ತಿರುಗಿಸಿದರು. ಸ್ವಲ್ಪ ತಡಮಾಡಿಯೇ ತಿರುಗಿಸಿದರು.

ಗಾಡಿ ನಡೆಸುತ್ತಿದ್ದ ಖಾಜಾಸಾಬ ಇಳಿದು, ಬಗ್ಗಿ ನೋಡಿದ. "ಚೈನಿಗೆ ಏನೂ ಆಗಿಲ್ರಿ" ಅಂದ.

ಖಾಜಾಸಾಬ ಬಾವಿಯ ಇಂಜಿನ್ನು ರಿಪೇರಿ ಮಾಡುವವ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಕೆಯನ್ನು ಕಿವಿಗೂ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಮನುಷ್ಯರ ಮಾತನ್ನು ಅವನು ಅಷ್ಟು ಲಕ್ಷ್ಯಗೊಟ್ಟು ಕೇಳಿದ್ದನ್ನು ಯಾರೂ ಕಂಡಿಲ್ಲ. ಎಪ್ಪತ್ತೊಂದರಲ್ಲಿ ಮಿಲ್ಟ್ರಿ ಹರಾಜಿನ ಒಂದು ಫಟ್‌ಫಟಿಯ ಎಲುಬುಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದ. ಮೂರು ವರ್ಷ ಅದಕ್ಕೆ ಮಾಂಸ ತುಂಬಿದ. ಸೀಟು, ಮುರಿದುಬಿದ್ದ ನಾಟಕ ಕಂಪನಿಯ ಸಿಂಹಾಸನದ ಗಾದಿ. ಹಾರ್ನು, ಯಾವುದೋ ಮುದಿ ಲಾರಿಯ ರಬ್ಬರು ಬುರುಡೆ.

"ನಾಳೆ ಐತವಾರ ಗಾಡಿ ಹೊಂಡ್ತೈತಿ. ತಯಾರಾಗಿ ನಿಲ್ರಿ" ಎಂದು ಹಿಂದಿನ ಸಂಜೆ ಹೇಳಿದ್ದ. ಎಲ್ಲಿಗೆ ಎಂದು ಮಾಸ್ತರರು ಕೇಳಲಿಲ್ಲ. ಹೊರಟವರಿಗೆ ಎಲ್ಲಿಗೆ ಅನ್ನಬಾರದು, ಅಂದರೆ ಹೋದ ಕೆಲಸ ಕೆಡುತ್ತದೆ; ತೊಟ್ಟಿಲ ಕೂಸಿಗೂ ಗೊತ್ತಿದ್ದ ಮಾತು. ತೀರ ತಡೆಯದಿದ್ದರೆ "ದೂರ ಏನು?" ಅನ್ನಬಹುದು. ಮಾಸ್ತರರು ಅಂದರು.

"ಗಾಡಿಗೇನ್ರಿ ದೂರ" ಅಂದಿದ್ದ ಖಾಜಾಸಾಬ.

ಮಾಸ್ತರರ ಹೆಂಡತಿ ಶೇವಂತೆವ್ವ ಮಾತ್ರ ಶಕುನಕ್ಕಿಂತ ಗಡಿಯಾರವನ್ನು ನಂಬುವವಳು. "ಮೂರರ ಮೋಟರ ಬಸ್ಸಿಗೆ ದೇವಣಗಾಂವದ ಶಿವಗೊಂಡಪ್ಪನವ್ರು ಮಗನ ಸಲುವಾಗಿ ನಮ್ಮ ಇಂದ್ರಾನ್ನ ನೋಡಾಕ ಬರ್ತಾರ. ಆವಾಗ ನೀವು ಕಟ್ಟಿ ಮ್ಯಾಲ ಕುಂತಿರಬೇಕು. ಹಿಂದಿನವ್ರು ಬಂದಾಗ ಗುಡಿಯಾಗ ಇಸ್ಪೀಟ ಆಡಾಕತ್ತಿದ್ರಿ. ಮಗಳ ಲಗ್ನದ ಗರಜು ಅಪ್ಪಗಾ ಇಲ್ಲಂತ ಎದ್ದು ಹೋದ್ರು, ನೆನಪೈತಿಲ್ಲೊ?"

ನೆನಪಿರದೆ ಏನು. ಎರಡು ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ ಉಪ್ಪಿನಕಾಯಿಯ ಜೊತೆ ಅದನ್ನೂ ಬಡಿಸುತ್ತಿದ್ದಳು. "ಹನ್ನೆರಡಕ್ಕ ಬರ್ತೇನಿ" ಎಂದು ಹೇಳಿ ಬಂದಿದ್ದರು.

ಹರಿದ ಧೋತರ ಸಾಮಾನಿನ ಚೀಲ ಸೇರಿತು. ಅದೇ ಚೀಲದಿಂದ ಖಾಜಾಸಾಬನ ಕೆಲಸದ ಖಾಕಿ ಪ್ಯಾಂಟು ಹೊರಬಂತು. ಎಣ್ಣೆ ಕುಡಿದು ಕುಡಿದು ಅದು ಯಾರೂ ತೊಡದಿದ್ದರೂ ತಾನೇ ನಿಲ್ಲುವಷ್ಟು ಬಿರುಸಾಗಿತ್ತು. ಮುಂದೆ ಖಾಜಾಸಾಬ, ಹಿಂದೆ ಚಹಾದಂಗಡಿಯ ಸೋಮನಿಂಗ, ನಡುವೆ ರೊಟ್ಟಿಯೊಳಗಿನ ಝುಣಕದಂತೆ ಮಾಸ್ತರರು. ಗಾಡಿ ಹೊರಟಿತು.

ಎರಡೂ ಕಡೆ ಆಳೆತ್ತರದ ಬಿಳಿಜೋಳ, ನಡುವೆ ಚಕ್ಕಡಿಯ ಜಾಡು. ಇಂಗಳೇಶ್ವರ ಸಮೀಪಿಸಿದಾಗ ಹೊಲದಲ್ಲಿ ತೆನೆ ಸುಡುತ್ತಿದ್ದ ಅಜ್ಜಿ ಅಡ್ಡ ಬಂದು ನಿಂತಳು. "ಸೀತನಿ ತಿನ್ನಲಾರದ ಹೆಂಗ ಹೋಗ್ತೀರಿ?" ಬಿಸಿ ಎಳೆಜೋಳ, ಶೇಂಗಾ ಚಟ್ನಿ, ಮೇಲೆ ಮಜ್ಜಿಗೆ. ಅರ್ಧ ತಾಸು ಅಲ್ಲಿಯೇ ಕರಗಿತು.

"ನಿನಗರ ಹೇಳ್ಯಾನೇನು?" ಮಾಸ್ತರರು ಸೋಮನಿಂಗನ ಕಿವಿಯಲ್ಲಿ ಕೇಳಿದರು.

"ನಿಮಗ ಹೇಳಿರಬೇಕಂತ ನಾ ಸುಮ್ನ ಕುಂತೇನ್ರಿ."

ದಾರಿ ಕವಲೊಡೆದಾಗಲೆಲ್ಲ ಖಾಜಾಸಾಬ ವೇಗ ತಗ್ಗಿಸಿ ಹಿಂತಿರುಗಿ ನೋಡುತ್ತಿದ್ದ. ಗೊತ್ತಿಲ್ಲ ಎಂದು ಒಪ್ಪುವ ರೂಢಿ ಸಾಲಿ ಮಾಸ್ತರರಿಗೆ ಎಲ್ಲಿಂದ ಬರಬೇಕು? ಎಲ್ಲ ತಿಳಿದವರಂತೆ ತಲೆಯಾಡಿಸುತ್ತಿದ್ದರು. ತಲೆ ವಾಲಿದ ಕಡೆಗೆ ಗಾಡಿ ವಾಲುತ್ತಿತ್ತು.

ಡೋಣಿ ಹೊಳೆಯಲ್ಲಿ ನೀರು ಮೊಣಕಾಲಿಗೂ ಇರಲಿಲ್ಲ, ಆದರೆ ಕೆಸರು ಗಾಲಿಯನ್ನು ಹಿಡಿದು ಬಿಡಲಿಲ್ಲ. ಕಡೆಗೆ ಧೋತರವನ್ನು ಗಾಲಿಯ ಕೆಳಗೆ ಹಾಸಿ ನೂಕಿದರು. ಗಾಡಿ ಜಿಗಿಯಿತು, ಮಾಸ್ತರರು ಮೂಗು ಕೆಳಗಾಗಿ ಬಿದ್ದರು. ಎದ್ದವರು ಕೆಸರಿನ ಮುಖದಲ್ಲಿ ಹಲ್ಲಷ್ಟೇ ಕಾಣುವಂತೆ ನಕ್ಕರು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮಾಸ್ತರರು ಮೇಲೆ ನೋಡಿದರು. ಸೂರ್ಯ ನೆತ್ತಿಯ ಮೇಲಿದ್ದ. ಶೇವಂತೆವ್ವನ ಕಣ್ಣಿನ ಹಾಗೆ ಕಂಡ.

ಹಿಪ್ಪರಗಿ ಕ್ರಾಸಿಗೆ ಬಂದಾಗ ಒಂದು ಗಂಟೆ. ಬೇವಿನ ಗಿಡದ ಕೆಳಗೆ ರುಮಾಲು ಸುತ್ತಿದ ಹಿರಿಯರೊಬ್ಬರು ಛತ್ರಿ ಹಿಡಿದು ನಿಂತಿದ್ದರು. ಕೇಳದೆಯೇ ಹೇಳತೊಡಗಿದರು:

"ಚಾ ಕುಡಿಯೂದ್ರಾಗ ಮೋಟರ ಹೋತ್ರಿ. ಬಾಗೇವಾಡ್ಯಾಗ ಗುರಲಿಂಗಪ್ಪ ಮಾಸ್ತರ ಮನಿಗೆ ಹೆಣ್ಣ ನೋಡಾಕ ಹೊಂಟಿದ್ದೆ. ಶಕುನ ಸರಿ ಕಾಣವಲ್ದು, ತಿರಿಗಿ ಊರಿಗೆ ಹೊಂಟೇನಿ."

ಮಾಸ್ತರರು ಮೆಲ್ಲಗೆ ಸೋಮನಿಂಗನ ಬೆನ್ನ ಹಿಂದೆ ಸರಿದರು. ಈ ಪ್ಯಾಂಟಿನಲ್ಲಿ ಬೀಗನಾಗುವುದಕ್ಕಿಂತ ಡೋಣಿಯ ಪಾಲಾಗುವುದು ಲೇಸೆನಿಸಿತು.

"ಇವ್ರಾ ಮಾಸ್ತರ" ಅಂದ ಖಾಜಾಸಾಬ. "ನಿಮ್ಮನ್ನ ಕರ್ಕೊಂಡು ಹೋಗಾಕ ಬಂದಾರ."

ಶಿವಗೊಂಡಪ್ಪನವರು ಮಾಸ್ತರರನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ನೋಡಲು ಬಹಳವಿತ್ತು. "ಡೋಣಿ ಹಾದು ಬಂದ್ರೇನ್ರಿ?"

"ಹೌದ್ರಿ" ಅಂದರು ಮಾಸ್ತರರು. ಅದೊಂದಾದರೂ ಖರೆ ಮಾತು.

"ಬೀಗನ್ನ ಕರಿಯಾಕ ಇಷ್ಟು ಕೆಸರು ತುಳದಾವ್ರನ್ನ ನಾ ಕಂಡಿಲ್ಲ ನೋಡ್ರಿ."

ಸೋಮನಿಂಗ ಜಾಗ ಬಿಟ್ಟುಕೊಟ್ಟ, ಮುಂದಿನ ಮೋಟರಿಗೆ ಬರುತ್ತೇನೆಂದ. ಬಂದದ್ದು ಮರುದಿನ. ಮೂರು ಹೊಡೆಯಲು ಐದು ನಿಮಿಷವಿರುವಾಗ, ಬಿಚ್ಚಿದ ಛತ್ರಿಯ ಕೆಳಗೆ ಬೀಗರನ್ನು ಕೂರಿಸಿಕೊಂಡು ಬಂದ ಗಂಡನನ್ನು ಕಂಡು ಶೇವಂತೆವ್ವ ಬಯ್ಯಲು ತೆರೆದ ಬಾಯಿಯನ್ನು ಸೆರಗಿನಿಂದ ಮುಚ್ಚಿಕೊಂಡಳು. ತಲೆ ತಗ್ಗಿಸಿ ಚಹಾ ತಂದ ಇಂದ್ರಾಬಾಯಿಯ ಕಣ್ಣು ಅಪ್ಪನ ಪ್ಯಾಂಟಿನ ಮೇಲೆ ಬಿತ್ತು. ಕೈಯಲ್ಲಿದ್ದ ಕಪ್ಪು-ಸಾಸರು ಗಲಗಲ ಎನ್ನುವಷ್ಟು ನಕ್ಕಳು. "ನಗೂ ಮನಿ ಐತಿ" ಅಂದರು ಶಿವಗೊಂಡಪ್ಪನವರು. "ಗರಜು ಅಂದ್ರ ಹಿಂಗ ಇರಬೇಕು. ಸಕ್ಕರಿ ತರ್ರಿ." ಸಕ್ಕರೆ ಹಂಚಿದರೆ ಮಾತು ಗಟ್ಟಿಯಾದಂತೆ.

ಬೀಗರನ್ನು ಸಂಜೆಯ ಮೋಟರಿಗೆ ಹತ್ತಿಸಿ ಬಂದು ಮಾಸ್ತರರೂ ಖಾಜಾಸಾಬನೂ ಕಟ್ಟೆಯ ಮೇಲೆ ಕೂತರು. ಪ್ರಯಾಣ ಮುಗಿದಿತ್ತು, ಇನ್ನು ಕೇಳಿದರೆ ದೋಷವಿಲ್ಲ.

"ಖಾಜಾ, ಈಗರ ಹೇಳೊ. ಮುಂಜಾನಿ ನಾವು ಎಲ್ಲಿಗೆ ಹೊಂಟಿದ್ವಿ?"

ಖಾಜಾಸಾಬ ಅಂಗೈಯ ಸಕ್ಕರೆ ಮುಗಿಸಿ, ಕೈ ಝಾಡಿಸಿದ.

"ನನಗೇನ್ ಗೊತ್ರಿ ಮಾಸ್ತರ. ದಾರಿ ತೋರಿಸಾವ್ರು ನೀವು. ಹೊಂಟಾವ್ರಿಗೆ ಎಲ್ಲಿಗೆ ಅಂತ ನಾ ಹೆಂಗ ಕೇಳ್ಲಿ?"