ಅಪ್ಪಣೆ ಬೇಡದ ಮದುವೆ

ರಾಯಚೂರಿನಿಂದ ಬೆಳಗಿನ ಬಸ್ಸು ಹತ್ತಿ, ಮಧ್ಯಾಹ್ನದ ಹೊತ್ತಿಗೆ ಹೈದರಾಬಾದಿನ ಆರಾಂಘರ್‌ನಲ್ಲಿ ಇಳಿದೆ. ಗಡಿ ದಾಟುವ ಬಸ್ಸಿನಲ್ಲಿ ಹೆಂಗಸರಿಗೂ ಟಿಕೆಟ್ಟು. ಗೊಣಗುತ್ತಲೇ ದುಡ್ಡು ಕೊಟ್ಟಿದ್ದೆ. ಅಲ್ಲಿಂದ ಬಾಲಾಪುರಕ್ಕೆ ಶೇರ್ ಆಟೊ, ನಲವತ್ತು ರೂಪಾಯಿ. ಹಿಂದಿನ ಸೀಟಿನಲ್ಲಿ ಜನರ ನಡುವೆ ಸಿಕ್ಕಿಕೊಂಡರೂ ಮದುಮಗಳಿಗೆಂದು ತಂದ ಇಳಕಲ್ ಸೀರೆಯನ್ನು ಮುದುಡದಂತೆ ಎದೆಗವಚಿ ಕೂತೆ.

ಬಾಲಾಪುರದಲ್ಲಿ ನನ್ನ ಚಿಕ್ಕಮ್ಮನ ಮಗಳು ಶರಣಮ್ಮ ಗಾರೆ ಕೆಲಸ ಮಾಡಿಕೊಂಡಿದ್ದಾಳೆ. ಅವಳ ಒತ್ತಾಯಕ್ಕೇ ನಾನು ಹೊರಟದ್ದು. ಮದುವೆ ಅವಳ ಪಕ್ಕದ ಮನೆಯ ಆಮಿನಾಬೀಯವರ ಕಿರಿಮಗಳು ಹಸೀನಾಳದ್ದು. ಅವರು ಬರ್ಮಾದಿಂದ ಜೀವ ಉಳಿಸಿಕೊಂಡು ಓಡಿಬಂದ ರೋಹಿಂಗ್ಯಾ ಮುಸ್ಲಿಮರು. ಅಲ್ಲಿನ ಸರ್ಕಾರ ಅವರನ್ನು ತನ್ನ ಪ್ರಜೆಗಳೆಂದೇ ಒಪ್ಪುವುದಿಲ್ಲ. ಮದುವೆಯಾಗುವುದಕ್ಕೂ ಅಧಿಕಾರಿಗಳ ಅಪ್ಪಣೆ ಬೇಕಿತ್ತು. ಕಾದು ಸಾಕಾಗಿ ಹಿರಿಮಗಳು ಗುಟ್ಟಾಗಿ ಮದುವೆಯಾದಳು. ಅವಳ ಗಂಡನನ್ನು ಹಿಡಿದೊಯ್ದರು, ಅವನು ತಿರುಗಿ ಬರಲಿಲ್ಲ.

“ಅದಕ್ಕ ಯಾರರೆ ಬಾಗಿಲಾಗ ನಿಂತ್ರ ಆಮಿನಾಬೀ ಎದಿ ಝಲ್ ಅಂತೈತಿ ಅಕ್ಕಾ. ಈ ಅಳಿಯನ್ನೂ ಎಲ್ಲಿ ಒಯ್ತಾರೋ ಅಂತ ಭಾಳ ಹೆದರಿಕಿ,” ಎಂದಳು ಶರಣಮ್ಮ.

ನಾನು ಒಳಗೆ ಕಾಲಿಟ್ಟಾಗಲೂ ಆಮಿನಾಬೀ ದಡಬಡಿಸಿ ಎದ್ದು ನಿಂತರು. ಬೆವರಿಳಿಸಿಕೊಂಡು ಬಂದ ನನ್ನಲ್ಲಿ ಯಾವ ಅಧಿಕಾರ ಕಂಡಿತೋ! ನಮ್ಮಕ್ಕ ಎಂದು ಶರಣಮ್ಮ ಹೇಳಿದ ಮೇಲೆ ಕೈಹಿಡಿದು ಕೂರಿಸಿಕೊಂಡರು.

ಚಹಾ ಆರುವಷ್ಟರಲ್ಲಿ ನಿಕಾಹ್ ಮುಗಿಯಿತು. ಊಟಕ್ಕೆ ಅನ್ನ, ಮೀನಿನ ಸಾರು. ರಾಯಚೂರಿನವಳು ಖಾರಕ್ಕೆ ಹೆದರುತ್ತೇನೆಯೇ ಎಂದು ಜಂಬ ಕೊಚ್ಚಿಕೊಂಡೆ. ನಾಲ್ಕು ತುತ್ತಿಗೆ ಕಣ್ಣು, ಮೂಗು ಎರಡೂ ಸುರಿದವು.

“ಏನಕ್ಕಾ, ಮಗಳ್ನ ಗಂಡನ ಮನೀಗೆ ಕಳಸಾಕಿ ನೀನೇನು? ಹಿಂಗ ಅಳಾಕತ್ತಿ!” ಎಂದಳು ಶರಣಮ್ಮ.

ಅದನ್ನೇ ಅವಳು ಹಿಂದಿಯಲ್ಲೂ ಹೇಳಿದಾಗ ಆಮಿನಾಬೀ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮರ್ಯಾದೆ ಹೋದರೂ ನನಗೆ ಖುಷಿಯಾಯಿತು.

ಎಲ್ಲರದೂ ಒಂದು ಫೋಟೊ ಎಂದು ನಾನು ಮೊಬೈಲ್ ಎತ್ತಿದ್ದೇ ತಡ, ನಗು ನಿಂತಿತು. ಆಮಿನಾಬೀ, ಅವರ ಗಂಡ, ಇಬ್ಬರು ಹೆಣ್ಣುಮಕ್ಕಳು ಗೋಡೆಗೆ ಬೆನ್ನು ಹಚ್ಚಿ, ದೊಡ್ಡವರಿಂದ ಚಿಕ್ಕವರವರೆಗೆ ಸಾಲಾಗಿ ನಿಂತುಬಿಟ್ಟರು. ಮದುಮಗ ಸಾದಿಕ್ ಸರಕ್ಕನೆ ಹೊರಗೆ ಹೋದ. ಅವರೂರಿನಲ್ಲಿ ಸಿಪಾಯಿಗಳು ಮನೆಗೆ ನುಗ್ಗಿ ಹೀಗೇ ಸಾಲು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರಂತೆ. ಮನೆಯವನೆಂದು ಸಿಪಾಯಿಗಳು ಒಪ್ಪದ ಗಂಡಸು, ಅಪ್ಪಣೆಯಿಲ್ಲದೆ ಮದುವೆಯಾದ ಅಳಿಯನೇ ಆದರೂ, ಆ ಸಾಲಿನಲ್ಲಿದ್ದರೆ ಜೈಲು. ಹಸೀನಾ ಹಿಂದಿಯಲ್ಲಿ ಇದನ್ನು ಹೇಳಿದಳು. ಮೊಬೈಲ್ ಇಳಿಸಿದೆ.

ಆಮಿನಾಬೀ ಹೊರಗೆ ಹೋದರು. ಸಾದಿಕ್‌ನನ್ನು ಎಳೆದುತಂದು ಮಗಳ ಪಕ್ಕದಲ್ಲಿ ನಿಲ್ಲಿಸಿದರು.

“ಇವ ನಮ್ಮನೆಯವ. ಈಗ ತೆಗೀರಿ,” ಎಂದರು ಹರಕು ಹಿಂದಿಯಲ್ಲಿ.

ಮರುದಿನ ವಾಪಸ್ಸು ಬರುವ ಬಸ್ಸಿನಲ್ಲಿ ಆ ಫೋಟೊ ನೋಡಿದೆ. ಹಸೀನಾ ನಗುತ್ತಿದ್ದಾಳೆ, ಸಾದಿಕ್ ನಾಚಿದ್ದಾನೆ. ಆಮಿನಾಬೀ ಮಾತ್ರ ಅಳಿಯನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಿದ್ದಾರೆ.